ಒಂದು ಮದುವೆ, ಎರಡು ಕಾನೂನು

ಮೊನ್ನೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್ ರೀಫ್ಸಿಗೆ ಹೋಗಿದ್ದೆ, ಗೆಳೆಯನ ತಂಗಿಯ ಮದುವೆಗೆ. ಅಜ್ಜ ಚಿನ್ನದ ಗಣಿಗೆ ಬಂದ ತಮಿಳು ಕ್ಯಾಥೊಲಿಕ್ ಕುಟುಂಬ. ಉಂಗುರದ ಜೊತೆ ತಾಳಿಯೂ ಇತ್ತು, ಅದರ ಮೇಲೆ ಶಿಲುಬೆ. ಆ ತಾಳಿಗೂ ಒಂದು ಕಥೆಯಿದೆ. 1704ರಲ್ಲಿ ಪಾಂಡಿಚೇರಿಯಲ್ಲಿದ್ದ ಪೋಪರ ಪ್ರತಿನಿಧಿ ತುರ್ನೋನ್, ಕ್ರೈಸ್ತ ಹೆಂಗಸರು ಪಿಳ್ಳೈಯಾರ್ ಗುರುತಿನ ತಾಳಿ ಹಾಕಬಾರದೆಂದು ಆಜ್ಞೆ ಹೊರಡಿಸಿದ್ದ.

ಪೂಜೆ ಮುಗಿದು ಚರ್ಚಿನ ಪುಸ್ತಕದಲ್ಲಿ ಸಹಿಯಾಯಿತು. "ರಿಜಿಸ್ಟರ್ ಮದುವೆ ಯಾವಾಗ?" ಅಂತ ಕೇಳಿ ನಾನು ಪೆದ್ದನಾದೆ! 1872ರ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ಚರ್ಚಿನ ಮದುವೆಯೇ ಕಾನೂನಿನ ಮದುವೆ. ಫ್ರಾನ್ಸಿನಲ್ಲಾದರೆ ಮೊದಲು ಪುರಸಭೆ, ಆಮೇಲೆ ಚರ್ಚು. ನಮ್ಮಲ್ಲಿ ಕ್ಯಾಥೊಲಿಕರು 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸು, 3 ಸಾಕ್ಷಿಗಳೊಂದಿಗೆ ಮಾತ್ರ ಮದುವೆಯಾದರೆ ಸರ್ಕಾರ ಒಪ್ಪುತ್ತದೆ, ಚರ್ಚು ಸಾಮಾನ್ಯವಾಗಿ ಒಪ್ಪುವುದಿಲ್ಲ.

ತೊಡಕು ಬರುವುದು ಮದುವೆ ಮುರಿದಾಗ. ಗೆಳೆಯನ ಸೋದರತ್ತೆಗೆ ಚರ್ಚಿನ ನ್ಯಾಯಮಂಡಳಿ ಮದುವೆ ಅಸಿಂಧುವೆಂದು ಪತ್ರ ಕೊಟ್ಟಿತ್ತು. ಎಲ್ಲ ಮುಗಿಯಿತು ಅಂದುಕೊಂಡರು. ಆದರೆ ಕೋರ್ಟಿನ ಲೆಕ್ಕದಲ್ಲಿ ಅವರಿನ್ನೂ ಹೆಂಡತಿಯೇ! ಸುಪ್ರೀಂ ಕೋರ್ಟ್ 1996ರಲ್ಲಿ ಮಾಲಿ ಜೋಸೆಫ್ ಪ್ರಕರಣದಲ್ಲಿ ಇದನ್ನೇ ಹೇಳಿತು. 2017ರಲ್ಲಿ ಕ್ಲಾರೆನ್ಸ್ ಪಾಯಸ್ ಅರ್ಜಿಯನ್ನೂ ತಳ್ಳಿಹಾಕಿತು. ಕೋರ್ಟಿನ ವಿಚ್ಛೇದನವಷ್ಟೇ ಇದ್ದರೂ ಚರ್ಚಿನಲ್ಲಿ ಮರುಮದುವೆಯಿಲ್ಲ.

ಕೂಡುವುದಕ್ಕೆ ಒಂದು ಸಹಿ ಸಾಕು, ಬಿಡಿಸಿಕೊಳ್ಳುವುದಕ್ಕೆ ಎರಡು ಕಡೆ ಅಲೆಯಬೇಕು. ಆ ಅತ್ತೆಗೆ ಹತ್ತು ವರ್ಷ ಹಿಡಿಯಿತಂತೆ. ಮೊನ್ನೆ ಮುಂದಿನ ಬೆಂಚಿನಲ್ಲಿ ಕೂತು ಮದುಮಗಳ ಸೆರಗು ಸರಿಮಾಡುತ್ತಿದ್ದರು. ನಿಮ್ಮೂರ ಕಡೆ ಹೇಗೆ? ತಿಳಿದವರು ಬರೆಯಿರಿ.