ಹಾಳೆ ತಟ್ಟೆಯ ಹಿಂದಿನ ಕಥೆ

ಕರ್ನಾಟಕದ ಬಯಲುಸೀಮೆಯಲ್ಲಿ ಊಟದ ಎಲೆ ಎಂದರೆ ಬಹುಕಾಲ ಮುತ್ತುಗದ ಎಲೆಯೇ ಆಗಿತ್ತು. ಬಾಳೆಗೆ ನೀರು ಬೇಕು, ತೋಟ ಬೇಕು. ಮುತ್ತುಗ ಮಾತ್ರ ಕುರುಚಲು ಕಾಡಿನಲ್ಲಿ, ಗೋಮಾಳದಲ್ಲಿ, ಹೊಲದ ಬದುವಿನಲ್ಲಿ ಯಾರೂ ನೆಡದೆ ಬೆಳೆಯುತ್ತದೆ. ಶಿವರಾತ್ರಿಯ ಹೊತ್ತಿಗೆ ಎಲೆಯುದುರಿಸಿ ಕೆಂಪಗೆ ಹೂ ಬಿಡುವ ಈ ಮರ ಯುಗಾದಿಯ ನಂತರ ಚಿಗುರುತ್ತದೆ. ಬಲಿತ ಎಲೆಯನ್ನು ಕೊಯ್ದು ಒಣಗಿಸಿ, ಸಣ್ಣ ಕಡ್ಡಿ ಚುಚ್ಚಿ ಒಂದಕ್ಕೊಂದು ಸೇರಿಸಿದರೆ ಅಗಲವಾದ ಪತ್ರಾವಳಿ. ಬಗ್ಗಿಸಿ ಚುಚ್ಚಿದರೆ ದೊನ್ನೆ. ಹೊಲದ ಕೆಲಸವಿಲ್ಲದ ದಿನಗಳಲ್ಲಿ ಜಗಲಿಯ ಮೇಲೆ ಕುಳಿತು ಎಲೆ ಹಚ್ಚುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಕಟ್ಟು ಕಟ್ಟಿದ ಎಲೆ ಸಂತೆಗೋ ಮದುವೆಯ ಮನೆಗೋ ಹೋಗುತ್ತಿತ್ತು. ಬಂಡವಾಳವೇ ಇಲ್ಲದ ಕಸುಬಾದ್ದರಿಂದ ಅದನ್ನು ಯಾರೂ ಉದ್ಯಮ ಎಂದು ಕರೆಯಲಿಲ್ಲ. ಸಿಗುತ್ತಿದ್ದ ಕೂಲಿಯೂ ಅದಕ್ಕೆ ತಕ್ಕಂತೆಯೇ ಇತ್ತು.

ಮಲೆನಾಡು ಮತ್ತು ಕರಾವಳಿಯ ಪರಿಸ್ಥಿತಿ ಬೇರೆ. ಅಲ್ಲಿ ಊಟಕ್ಕೆ ಬಾಳೆ ಎಲೆ ಧಾರಾಳವಾಗಿತ್ತು; ಕಡುಬು ಬೇಯಿಸಲು ಹಲಸಿನ ಎಲೆಯ ಕೊಟ್ಟೆ, ಕೇದಗೆ ಜಾತಿಯ ಗಿಡದ ಎಲೆಯಿಂದ ಸುತ್ತಿದ ಮೂಡೆ, ಅರಿಶಿನದ ಎಲೆ ಇದ್ದವು. ಅಡಿಕೆ ಮರದ ಹಾಳೆ, ಅಂದರೆ ಸೋಗೆಯ ಬುಡದಲ್ಲಿ ಕಾಂಡವನ್ನು ತಬ್ಬಿರುವ ಅಗಲವಾದ ಪೊರೆ, ಇಂಥ ಕೆಲಸಕ್ಕೆ ಅಷ್ಟಾಗಿ ಬೇಕಾಗಿರಲಿಲ್ಲ. ಅದರ ಉಪಯೋಗಗಳೇ ಬೇರೆ. ಗದ್ದೆಯಲ್ಲಿ ದುಡಿಯುವವರು ಅದನ್ನು ಮಡಿಚಿ ಹೊಲಿದು ಮುಟ್ಟಾಳೆ ಮಾಡಿ ತಲೆಗೆ ಇಡುತ್ತಿದ್ದರು. ಎಳೆಗೂಸನ್ನು ಹಾಳೆಯ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸುತ್ತಿದ್ದರು. ಬೇಸಗೆಯಲ್ಲಿ ಅದೇ ಬೀಸಣಿಗೆ. ಹಸಿ ಹಾಳೆ ದನಕ್ಕೆ ಮೇವು. ಮಕ್ಕಳಿಗೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆಯುವ ಗಾಡಿ.

ಹಾಳೆಗೆ ನಿಜವಾದ ಬೆಲೆ ಇದ್ದದ್ದು ಮಳೆಗಾಲದ ಮುಂಚೆ. ಕೊಳೆರೋಗ ತಡೆಯಲು ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿ ತೋಟಗಳಲ್ಲಿ ಹಿಂದಿನಿಂದ ಬಂದದ್ದು. ಗೊನೆಯ ಮೇಲೆ ನೀರು ನಿಲ್ಲದಂತೆ ಹೊದಿಸುವ ಈ ಕೊಟ್ಟೆಗೆ ಹಾಳೆ ಬಳಕೆಯಾಗುತ್ತಿತ್ತು. ಮರ ಮರಕ್ಕೂ ಹತ್ತಿ ಕಟ್ಟಬೇಕಾದ, ಜೀವದ ಹಂಗು ತೊರೆದು ಮಾಡುವ ಕೆಲಸ ಅದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಮೈಲುತುತ್ತ ಮತ್ತು ಸುಣ್ಣದ ಆ ಮದ್ದು ತೋಟದಿಂದ ತೋಟಕ್ಕೆ ಹರಡಿದಂತೆ ಕೊಟ್ಟೆ ಹಿಂದೆ ಸರಿಯಿತು. ಹಾಳೆ ಮತ್ತೆ ಮರದ ಬುಡದಲ್ಲಿ ಬಿದ್ದು ಗೊಬ್ಬರವಾಗುವ ವಸ್ತುವಾಯಿತು.

ಎಲೆಯ ಊಟಕ್ಕೆ ಪೆಟ್ಟು ಬಿದ್ದದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಮೊದಲು ಸ್ಟೀಲ್ ತಟ್ಟೆ ಬಂತು. ಅದನ್ನು ತೊಳೆಯಲು ಆಳು ಮತ್ತು ನೀರು ಬೇಕಿದ್ದರಿಂದ ದೊಡ್ಡ ಸಮಾರಂಭಗಳಲ್ಲಿ ಎಲೆಯನ್ನು ಪೂರ್ತಿ ಓಡಿಸಲು ಅದಕ್ಕೆ ಆಗಲಿಲ್ಲ. ಓಡಿಸಿದ್ದು ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ ಮತ್ತು ಬಾಳೆ ಎಲೆಯ ಚಿತ್ರ ಅಚ್ಚಾದ, ಪ್ಲಾಸ್ಟಿಕ್ ಲೇಪದ ಕಾಗದ. ಕೊನೆಯದಂತೂ ವಿಚಿತ್ರ ವಸ್ತು: ಎಲೆಯನ್ನು ಬೇಡವೆಂದವರಿಗೂ ಎಲೆಯ ಬಣ್ಣ ಬೇಕಾಗಿತ್ತು. ಹೋಟೆಲಿನ ಪಾರ್ಸಲ್ಲಿನಲ್ಲೂ ಇದೇ ಆಯಿತು. ಬಾಳೆ ಎಲೆಯ ಮೇಲೆ ಪತ್ರಿಕೆ ಸುತ್ತಿ ದಾರ ಕಟ್ಟುತ್ತಿದ್ದ ಇಡ್ಲಿ ಪೊಟ್ಟಣದೊಳಕ್ಕೆ ಪ್ಲಾಸ್ಟಿಕ್ ಹಾಳೆ ಸೇರಿತು. ಸಾಂಬಾರಿಗೆ ಪ್ಲಾಸ್ಟಿಕ್ ಕವರ್ ಬಂತು. ಮೊದಲು ಎಂಜಲೆಲೆ ತಿಪ್ಪೆಗೆ ಹೋಗಿ ಮಣ್ಣಾಗುತ್ತಿತ್ತು, ಬಾಳೆ ಎಲೆಯಾದರೆ ದನದ ಬಾಯಿಗೆ ಹೋಗುತ್ತಿತ್ತು. ಹೊಸ ಎಂಜಲು ಚರಂಡಿ ಕಟ್ಟಿತು, ದನದ ಹೊಟ್ಟೆಯಲ್ಲೂ ಕಟ್ಟಿಕೊಂಡಿತು.

ಹಾಳೆ ತಟ್ಟೆ ಕಸುಬಾಗಿ ಬೆಳೆದದ್ದು ಈ ಬದಲಾವಣೆಯ ನಂತರ. ಕೈಯಿಂದ ಮಡಿಚಿ ಚುಚ್ಚಿದ ಹಾಳೆಯ ದೊನ್ನೆ ಮೊದಲೂ ಇತ್ತು. ಆದರೆ ಒಂದೇ ಅಳತೆಯ, ಮೇಜಿನ ಮೇಲೆ ಅಲುಗದೆ ನಿಲ್ಲುವ ತಟ್ಟೆಗೆ ಬಿಸಿ ಅಚ್ಚಿನ ಯಂತ್ರ ಬೇಕಾಯಿತು. ಕೆಲಸ ನೋಡಲು ಸುಲಭ. ಒಣ ಹಾಳೆಯನ್ನು ನೀರಿನಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿ ತೊಳೆದು, ನೀರು ಬಸಿದ ಮೇಲೆ ಕಾದ ಅಚ್ಚುಗಳ ನಡುವೆ ಒತ್ತುತ್ತಾರೆ. ತೇವ ಮತ್ತು ಶಾಖಕ್ಕೆ ನಾರು ಬಗ್ಗಿ, ಆರಿದಾಗ ಅದೇ ಆಕಾರದಲ್ಲಿ ನಿಲ್ಲುತ್ತದೆ. ಅಂಟು ಬೇಡ, ಲೇಪ ಬೇಡ. ಅಂಚು ಕತ್ತರಿಸಿದ ಚೂರು ಗೊಬ್ಬರದ ಗುಂಡಿಗೆ. ಕಾಲಿನಿಂದ ತುಳಿದು ಒತ್ತುವ ಯಂತ್ರದಿಂದ ಹೈಡ್ರಾಲಿಕ್ ಯಂತ್ರದವರೆಗೆ ಬಗೆಬಗೆಯವು ಬಂದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳ ತೋಟದ ಊರುಗಳಲ್ಲಿ ಮನೆಯ ಪಕ್ಕದ ಶೆಡ್ಡಿನಲ್ಲೇ ಘಟಕಗಳು ಶುರುವಾದವು.

ಕಷ್ಟ ಇರುವುದು ಯಂತ್ರದಲ್ಲಲ್ಲ, ಕಚ್ಚಾ ಮಾಲಿನಲ್ಲಿ. ಒಂದು ಅಡಿಕೆ ಮರ ವರ್ಷಕ್ಕೆ ಉದುರಿಸುವುದು ಸುಮಾರು ಆರೇಳು ಹಾಳೆ. ಅವೂ ಒಣಗಿದ ಸ್ಥಿತಿಯಲ್ಲಿ, ಮಣ್ಣು ಮೆತ್ತದೆ ಸಿಗಬೇಕಾದರೆ ಮಳೆ ನಿಂತಮೇಲೆ ಆರಂಭಿಸಿ ಮುಂದಿನ ಮಳೆಯೊಳಗೆ ಹೆಕ್ಕಿ ಮುಗಿಸಬೇಕು. ಮಳೆಗಾಲದ ಹಾಳೆಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ವರ್ಷವಿಡೀ ತಟ್ಟೆ ಮಾಡಬೇಕೆಂದವರು ಬೇಸಗೆಯಲ್ಲೇ ಹಣ ಹಾಕಿ ಹಾಳೆ ಕೊಂಡು, ತೇವ ತಾಗದ ಗೋದಾಮಿನಲ್ಲಿ ಒಟ್ಟಿಟ್ಟುಕೊಳ್ಳಬೇಕಾಯಿತು. ಸಾಲ ಮಾಡಿ ಯಂತ್ರ ತಂದು ಗೋದಾಮಿಗೆ ದುಡ್ಡು ಉಳಿಸಿಕೊಳ್ಳದವರಿಗೆ ಮಳೆಗಾಲವೇ ದೊಡ್ಡ ಪರೀಕ್ಷೆ. ತೋಟದವರ ಲೆಕ್ಕವೂ ಒಂದಿದೆ: ಮಾರಿದ ಹಾಳೆ ಮಣ್ಣಿಗೆ ಸೇರುವುದಿಲ್ಲ, ಅದರ ಬದಲು ಬೇರೆ ಗೊಬ್ಬರ ಕೊಡಬೇಕು.

ಈ ಸಣ್ಣ ಘಟಕಗಳಿಗೆ ಮಾರುಕಟ್ಟೆ ತೆರೆಯುವಲ್ಲಿ ಕಾನೂನಿನ ಪಾಲೂ ದೊಡ್ಡದು. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲದ ಜೊತೆಗೆ ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆಗಳನ್ನೂ ನಿಷೇಧಿಸಿತು. 2019ರಲ್ಲಿ ಎಲೆಯ ತಟ್ಟೆ–ಲೋಟಗಳ ಮೇಲಿನ ಜಿಎಸ್‌ಟಿ ರದ್ದಾಯಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶವೆಲ್ಲ ನಿಷೇಧ ಬಂತು. ಜಾರಿ ಸಡಿಲವಾಗಿಯೇ ಇತ್ತು. ಆದರೂ ಅಡಿಗೆ ಗುತ್ತಿಗೆದಾರರು, ಕಲ್ಯಾಣ ಮಂಟಪದವರು ಹಾಳೆ ತಟ್ಟೆ ಕೇಳುವಂತಾಯಿತು. ಬೆಂಗಳೂರಿನ ದೊನ್ನೆ ಬಿರಿಯಾನಿಗಂತೂ ಹೆಸರು ಕೊಟ್ಟದ್ದೇ ದೊನ್ನೆ. ಯುರೋಪು, ಅಮೆರಿಕಕ್ಕೂ ತಟ್ಟೆ ರಫ್ತಾಯಿತು. ಮುತ್ತುಗದ ಎಲೆಯೂ ಯಂತ್ರದ ಅಡಿಯಲ್ಲಿ ಮರಳಿ ಬಂತು, ಆದರೆ ಕೆಲವು ಕಡೆ ಎಲೆಗಳ ಪದರದ ನಡುವೆ ಪ್ಲಾಸ್ಟಿಕ್ ಪೊರೆ ಇಟ್ಟು ಅಂಟಿಸುವ ರೂಢಿಯೂ ಅದರ ಜೊತೆ ಬಂತು. ಅಂಥ ತಟ್ಟೆ ಎಲೆ ಎಂದು ಮಾರಾಟವಾದರೂ ತಿಪ್ಪೆಯಲ್ಲಿ ಪೂರ್ತಿ ಕರಗುವುದಿಲ್ಲ.

ಮಾರಾಟದ ಮಾತಿನಲ್ಲಿ 'ಪರಿಸರಕ್ಕೆ ಒಳ್ಳೆಯದು' ಎಂಬುದರ ಜೊತೆಗೆ 'ಆರೋಗ್ಯಕ್ಕೆ ಒಳ್ಳೆಯದು' ಎಂಬುದೂ ಸೇರಿಕೊಂಡಿತು. ಬಿಸಿ ಅನ್ನ ಪ್ಲಾಸ್ಟಿಕ್ ಮೇಲೆ ಬೀಳಬಾರದು ಎಂಬ ಕಾಳಜಿಗೆ ಆಧಾರವಿತ್ತು. ಇಡ್ಲಿ ಬೇಯಿಸಲು ಒದ್ದೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಸುತ್ತಿದ್ದುದು ತಪಾಸಣೆಯಲ್ಲಿ ಕಂಡುಬಂದು, 2025ರ ಆರಂಭದಲ್ಲಿ ರಾಜ್ಯ ಆರೋಗ್ಯ ಇಲಾಖೆ ಅದರ ವಿರುದ್ಧ ಕ್ರಮಕ್ಕೆ ಮುಂದಾಯಿತು. ಆದರೆ ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹಾಳೆ ತಟ್ಟೆಗಳನ್ನೇ ಬಂದರಿನಲ್ಲಿ ತಡೆಯುವ ಆದೇಶ ಹೊರಡಿಸಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು ಹಾಳೆಯಲ್ಲೂ ಇದ್ದು ಆಹಾರಕ್ಕೆ ಇಳಿಯಬಹುದು ಎಂಬುದು ಅದರ ಕಾರಣ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದಾಗಿನಿಂದ ಬೆಳೆಗಾರರು ಎದುರಿಸುತ್ತಿದ್ದ ವಾದ ಈಗ ಅದೇ ಮರದ ಹಾಳೆಗೂ ತಾಗಿತು. ಊಟದ ಒಂದು ಹೊತ್ತಿನಲ್ಲಿ ತಟ್ಟೆಯಿಂದ ಎಷ್ಟು ಇಳಿಯುತ್ತದೆ ಎಂಬುದು ಅಡಿಕೆ ಜಗಿಯುವುದಕ್ಕಿಂತ ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾದದ್ದು ಪ್ರಯೋಗಾಲಯದಲ್ಲಿ. ಅಮೆರಿಕದ ಬೇಡಿಕೆಯನ್ನೇ ನಂಬಿದ್ದ ಘಟಕಗಳು ಬೇರೆ ಕೊಳ್ಳುವವರನ್ನು ಹುಡುಕಬೇಕಾಯಿತು. ಊರ ಮದುವೆ, ಜಾತ್ರೆ, ದೇವಸ್ಥಾನದ ಊಟಕ್ಕೆ ತಟ್ಟೆ ಒದಗಿಸುವ ಸಣ್ಣ ಘಟಕಗಳಿಗೆ ಆ ಆದೇಶ ನೇರವಾಗಿ ತಟ್ಟುವಂಥದ್ದಲ್ಲ.