ದನದ ಆಸ್ಪತ್ರೆಯ ಎರಡನೆಯ ಕೈ

ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಗೆ ಹೋರಿ ಕೊಳ್ಳಲು ಬಂದ ರೈತ ಮೊದಲು ಅದರ ಬಾಯಿ ಬಿಡಿಸುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ ನೋಡುತ್ತಾನೆ. ಆಮೇಲೆ ಸುಳಿ, ಗೊರಸು, ನಡಿಗೆ. ಕೊನೆಗೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ನಮ್ಮ ಸೀಮೆಯಲ್ಲಿ ಪಶುಜ್ಞಾನಕ್ಕೆ ಬಹಳ ಕಾಲ ಇದ್ದ ಪರೀಕ್ಷೆ ಇದೊಂದೇ. ಫೇಲಾದವನ ದುಡ್ಡು ಅಲ್ಲೇ ಹೋಗುತ್ತಿತ್ತು, ಅಂಕಪಟ್ಟಿಗಾಗಿ ಕಾಯಬೇಕಿರಲಿಲ್ಲ. ಇಂದಿನ ಪಠ್ಯ ಸುಳಿಯನ್ನು ಕೈಬಿಟ್ಟಿದೆ, ಹಲ್ಲನ್ನು ಉಳಿಸಿಕೊಂಡಿದೆ. ಮೊದಲ ಜೋಡಿ ಶಾಶ್ವತ ಹಲ್ಲು ಸುಮಾರು ಎರಡು ವರ್ಷಕ್ಕೆ ಮೂಡುತ್ತದೆ ಎಂಬುದನ್ನು ಇಂದಿನ ವಿದ್ಯಾರ್ಥಿಯೂ ಕಲಿಯಬೇಕು.

ತುಮಕೂರಿನ ಶಿರಾ ಗೇಟ್‌ನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನೋ ಹುಡುಗಿಯೋ ಪಶುಪಾಲನೆಯ ಕಡೆ ಹೋಗಬೇಕೆಂದರೆ ಸುತ್ತ ಪ್ರಾಣಿಗಳಿಗೇನೂ ಬರವಿಲ್ಲ. ಉತ್ತರಕ್ಕೆ ಶಿರಾ ಸೀಮೆಯ ಕುರಿ ಹಿಂಡು, ಪಶ್ಚಿಮಕ್ಕೆ ಗುಬ್ಬಿಯ ತೆಂಗಿನ ತೋಟಗಳಲ್ಲಿ ಕಟ್ಟಿದ ಹಾಲಿನ ಹಸು, ದಕ್ಷಿಣಕ್ಕೆ ಕುಣಿಗಲ್ಲಿನ ಕುದುರೆ ಫಾರಂ. ಓದಿನ ದಾರಿ ಮಾತ್ರ ಇಷ್ಟು ನೇರವಾಗಿಲ್ಲ. ಪಶುವೈದ್ಯರ ಪಕ್ಕದಲ್ಲಿ ನಿಲ್ಲುವವರ ಈ ಕಸುಬು ನಮ್ಮಲ್ಲಿ ಯಾರೂ ಕೂತು ಯೋಜಿಸಿದ್ದಲ್ಲ. ಒಂದು ರೋಗ ಬಂದಾಗ, ಒಂದು ಯೋಜನೆ ಬಂದಾಗ ಕೈಗಳು ಬೇಕಾದವು. ಕೆಲಸ ಮೊದಲು ಬಂತು, ತರಬೇತಿ ಆಮೇಲೆ, ಪರೀಕ್ಷೆ ಎಲ್ಲಕ್ಕಿಂತ ಕೊನೆಗೆ. ಇಂದಿಗೂ ಓದು ಒಂದು ಕಡೆ, ಕೊಟ್ಟಿಗೆ ಒಂದು ಕಡೆ ಆಗಿರುವುದಕ್ಕೆ ಇದೇ ಕಾರಣವೆಂದು ನನ್ನ ಎಣಿಕೆ.

ಹದಿನೇಳನೇ ಶತಮಾನದ ಕೊನೆಗೆ ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಯನ್ನು ನಡೆಸುತ್ತಿದ್ದರು. ಟಿಪ್ಪುವಿನ ಕಾಲಕ್ಕೆ ಅದು ಅಮೃತ್ ಮಹಲ್ ಆಯಿತು. ಹಾಲು ಬೆಣ್ಣೆಗಿಂತ ಫಿರಂಗಿ ಮತ್ತು ಸಾಮಾನು ಎಳೆಯುವ ಎತ್ತುಗಳೇ ಅದರ ಹೆಚ್ಚುಗಾರಿಕೆ. ಕಾವಲುಗಳಲ್ಲಿ ದನ ನೋಡಿಕೊಳ್ಳುತ್ತಿದ್ದವರಿಗೆ, ಅದೇ ಕಾಲದಿಂದ ಹೆಸರಾದ ಕುಣಿಗಲ್ ಲಾಯದ ಸಾಯಿಸರಿಗೆ ಶಾಲೆಯೆಂದರೆ ಅಪ್ಪ, ಚಿಕ್ಕಪ್ಪ. ಕುಣಿಗಲ್ ಫಾರಂ 1992ರಿಂದ ಮೂರು ದಶಕ ಖಾಸಗಿ ಗುತ್ತಿಗೆಯಲ್ಲಿದ್ದು ರೇಸ್ ಕುದುರೆಗಳನ್ನು ಬೆಳೆಸಿತು. ಅಷ್ಟು ಹಳೆಯ ಅನುಭವ ಜಿಲ್ಲೆಯೊಳಗೇ ಇದ್ದರೂ ಅದರ ಸುತ್ತ ಕುದುರೆ ಶುಶ್ರೂಷೆಯ ಒಂದು ದೊಡ್ಡ ಶಾಲೆ ಬೆಳೆಯಲಿಲ್ಲ. ಇದು ಕಳೆದುಕೊಂಡ ಅವಕಾಶವೇ ಸರಿ.

ಕಸುಬು ಸರ್ಕಾರಿ ರೂಪ ಪಡೆದದ್ದು ದನಗಳ ದೊಡ್ಡರೋಗದ (ರಿಂಡರ್‌ಪೆಸ್ಟ್) ಭಯದಿಂದ. ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಆರಂಭವಾಯಿತು. ಅಲ್ಲಿ ತಯಾರಾದ ಸೀರಂ ಅನ್ನು ಊರೂರಿಗೆ ಹೊತ್ತು ದನಗಳಿಗೆ ಹಾಕುವವರು ಬೇಕಾದರು. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಹಳ್ಳಿಕಾರ್ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿ ದೇಶದಲ್ಲೇ ಮೊದಲಿಗರಾದರು. ಮೊದಲ ಪಂಚವಾರ್ಷಿಕ ಯೋಜನೆಯ ‘ಕೀ ವಿಲೇಜ್’ ಕಾರ್ಯಕ್ರಮ ಆ ವಿದ್ಯೆಯನ್ನು ಹಳ್ಳಿಗೆ ಒಯ್ದಿತು. ಸ್ಟಾಕ್‌ಮನ್, ಕಾಂಪೌಂಡರ್, ಪಶುವೈದ್ಯಕೀಯ ಸಹಾಯಕ, ಪರೀಕ್ಷಕ ಎಂದೆಲ್ಲ ಹುದ್ದೆಗಳಾದವು. ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾದಾಗ ಅದರ ಹಿಂದೆ ಇಂಥ ಕೈಗಳಿದ್ದವು. ಸನ್ಮಾನದ ಶಾಲು ಅವರವರೆಗೆ ಬಂದದ್ದು ಕಡಿಮೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಶುರುವಾಗಿ ವೈದ್ಯರ ದಾರಿ ನಿಚ್ಚಳವಾಯಿತು. ಸಹಾಯಕರ ಗಡಿಯನ್ನು ಗೆರೆ ಎಳೆದು ತೋರಿಸಿದ್ದು 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆ. ಅದರ 30ನೇ ಕಲಮಿನ ಪ್ರಕಾರ ಚಿಕಿತ್ಸೆ ನೋಂದಾಯಿತ ವೈದ್ಯರ ಕೆಲಸ. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಇರುವವರಿಗೆ ರಾಜ್ಯ ಸರ್ಕಾರ ಅನುಮತಿ ಕೊಟ್ಟರೆ ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮೊದಲಾದ ಕಿರು ಸೇವೆಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು. ಪರೀಕ್ಷೆಗೆ ಕೂರುವವರು ಮೊದಲು ಓದಬೇಕಾದದ್ದು ಈ ಕಲಮನ್ನೇ. ಏನು ಮಾಡಬೇಕೆಂಬುದರಷ್ಟೇ, ಎಲ್ಲಿ ಕೈ ತಡೆದು ವೈದ್ಯರಿಗೆ ಫೋನು ಮಾಡಬೇಕೆಂಬುದೂ ಈ ಕಸುಬಿನ ವಿದ್ಯೆ.

2004ರ ಕಾಯ್ದೆಯಿಂದ ಬೀದರಿನಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದಮೇಲೆ ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಕನ್ನಡ ಮಾಧ್ಯಮದಲ್ಲೇ ದೊರೆಯಿತು. ಈ ಡಿಪ್ಲೊಮಾ ಕೊಡುವ ಪಾಲಿಟೆಕ್ನಿಕ್‌ಗಳಲ್ಲೊಂದು ನಮ್ಮ ಜಿಲ್ಲೆಯದೇ, ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯದು. ಗುಬ್ಬಿಯ ಮೇಲೆ ಹೋಗುವ ಬಿ.ಎಚ್. ರಸ್ತೆಯ ಬಸ್ಸು ಸಾಕು. ಅಲ್ಲೇ ಅಮೃತ್ ಮಹಲ್ ತಳಿಯ ಕೇಂದ್ರವೂ ಇದೆ. ಕನ್ನಡದಲ್ಲಿ ಓದಿ ಕನ್ನಡದಲ್ಲೇ ಉತ್ತರ ಬರೆಯಬಹುದಾದ ವೃತ್ತಿಶಿಕ್ಷಣ ನಮ್ಮಲ್ಲಿ ಎಷ್ಟಿದೆ? ಗಳಲೆ, ಚಪ್ಪೆ, ನೆರಡಿ, ಕೆಚ್ಚಲುಬಾವು ಎಂದು ರೈತ ಹೇಳುವ ಮಾತಿನಲ್ಲೇ ರೋಗದ ಪಾಠವಾಗುವುದು ಸಣ್ಣ ಲಾಭವಲ್ಲ.

ಡಿಪ್ಲೊಮಾದ ಆಚೆಗೂ ಕವಲುಗಳಿವೆ. ಹಾಲಿನ ಸಂಘಗಳ ಕೃತಕ ಗರ್ಭಧಾರಣೆ ಕಾರ್ಯಕರ್ತರು, ಕೇಂದ್ರದ ‘ಮೈತ್ರಿ’ ತಂತ್ರಜ್ಞರು, ಸ್ವಸಹಾಯ ಸಂಘಗಳಿಂದ ಬಂದ ಪಶುಸಖಿಯರು. 2019ರಲ್ಲಿ ಕಾಲುಬಾಯಿ ರೋಗ ಮತ್ತು ಕಂದು ರೋಗದ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಹೊರಟಿತು. ಕಿವಿಗೆ 12 ಅಂಕಿಯ ಓಲೆ ಹಾಕಿ ದಾಖಲಿಸುವ ಕೆಲಸವೂ ಸೇರಿತು. 1962ಕ್ಕೆ ಫೋನು ಮಾಡಿದರೆ ಬರುವ ಸಂಚಾರಿ ವಾಹನದಲ್ಲೂ ವೈದ್ಯರ ಜೊತೆ ಸಹಾಯಕರಿರಬೇಕು. ಇನ್ನೊಂದು ಕಡೆ, 2013ರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಡಿ ಕೃಷಿ ಕೌಶಲ ಮಂಡಳಿಯ ಪ್ರಮಾಣಪತ್ರಗಳು ಬಂದವು. ಇಲ್ಲಿ ಕಲಿಸಿದವರೇ ಅಂಕ ಕೊಡುವಂತಿಲ್ಲ, ಹೊರಗಿನ ಮೌಲ್ಯಮಾಪಕರು ಬಂದು ನೋಡುತ್ತಾರೆ. ಆಲೋಚನೆ ಒಳ್ಳೆಯದೇ. ಆದರೆ ಪರೀಕ್ಷೆಯ ದಿನ ಹಸುವೇ ಇಲ್ಲದೆ ಬರೀ ಚಿತ್ರದ ಮುಂದೆ ಮೌಲ್ಯಮಾಪನವಾದರೆ ಅದು ಜಾತ್ರೆಯ ರೈತನಿಗೂ ನಗು ಬರಿಸುತ್ತದೆ.

‘ನರ್ಸಿಂಗ್’ ಎಂಬ ಹೆಸರಿನಲ್ಲೇ ಈ ಕೆಲಸ ನಮ್ಮಲ್ಲಿ ಮುಖ್ಯವಾಗಿ ಇರುವುದು ಸೇನೆಯಲ್ಲಿ. 1779ರ ಮೂಲದ ರಿಮೌಂಟ್ ವೆಟರ್ನರಿ ಕೋರ್‌ನಲ್ಲಿ ಕುದುರೆ, ಹೇಸರಗತ್ತೆ, ನಾಯಿಗಳ ಆರೈಕೆಗೆ ನರ್ಸಿಂಗ್ ಅಸಿಸ್ಟೆಂಟ್ ವೆಟರ್ನರಿ ಎಂಬ ಹುದ್ದೆಯಿದೆ. ಅದರ ತರಬೇತಿ ಮೀರತ್‌ನಲ್ಲಿ. ಬ್ರಿಟನ್ನಿನಲ್ಲಿ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ 1961ರಲ್ಲಿ ಪ್ರಾಣಿ ಶುಶ್ರೂಷಾ ಸಹಾಯಕರ ನೋಂದಣಿ ಶುರುಮಾಡಿತು, 1991ರಲ್ಲಿ ಅವರಿಗೆ ಕಾನೂನಿನ ಕೆಲವು ಅಧಿಕಾರಗಳೂ ಸಿಕ್ಕವು. ಅಲ್ಲಿನ ಪರೀಕ್ಷಾ ಪದ್ಧತಿಯಿಂದ ನಾವು ಕಲಿಯಬಹುದಾದ್ದು ಒಂದಿದೆ. ವಿದ್ಯಾರ್ಥಿ ಮೇಜಿನಿಂದ ಮೇಜಿಗೆ ಹೋಗುತ್ತ, ಗೊತ್ತುಪಡಿಸಿದ ನಿಮಿಷಗಳಲ್ಲಿ ಒಂದೊಂದು ಕೆಲಸವನ್ನು ಮಾಡಿ ತೋರಿಸಬೇಕು. ಕೈ ತೊಳೆದದ್ದಕ್ಕೂ ಅಂಕ, ಔಷಧದ ಪಟ್ಟಿಯನ್ನು ಓದಿ ನೋಡಿದ್ದಕ್ಕೂ ಅಂಕ. ಫಲ ಸರಿಯಾಗಿದ್ದರೂ ಕ್ರಮ ತಪ್ಪಿದರೆ ಅಂಕ ಹೋಗುತ್ತದೆ.

ತಯಾರಿ ಎಂದರೆ ನಮ್ಮ ಹುಡುಗರು ಹಳೆಯ ಪ್ರಶ್ನೆಪತ್ರಿಕೆ ಹುಡುಕುತ್ತಾರೆ. ಬೇಕು, ಬೇಡವೆನ್ನುವುದಿಲ್ಲ. ಹಸುವಿನ ಸಹಜ ಉಷ್ಣತೆ 101.5 ಡಿಗ್ರಿ ಫ್ಯಾರನ್‌ಹೀಟ್ ಸುಮಾರು, ಕುರಿಯದು ಅದಕ್ಕಿಂತ ತುಸು ಹೆಚ್ಚು, ಕುರಿಯ ಗಬ್ಬ 150 ದಿನ, ಹಸುವಿನದು 280 ದಿನದ ಆಸುಪಾಸು ಎಂಬುದೆಲ್ಲ ಬಾಯಿಗೆ ಬರಲಿ. ಆದರೆ ಥರ್ಮಾಮೀಟರ್ ಸಗಣಿಯೊಳಗೆ ನಿಂತರೆ ಅಂಕಿ ಬಾಯಿಪಾಠವಿದ್ದೂ ಪ್ರಯೋಜನವಿಲ್ಲ. ಅದು ಗುದದ್ವಾರದ ಒಳಗೋಡೆಗೆ ತಾಗಿರಬೇಕು. ಗರ್ಭಧಾರಣೆಯ ವೀರ್ಯದ ಕಡ್ಡಿಯನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತೆಗೆದು 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಇಟ್ಟು, ಒರೆಸಿ ಒಣಗಿಸಿಯೇ ಕತ್ತರಿಸಬೇಕು. ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಸಂಜೆ ಎಂಬ ಲೆಕ್ಕ ತಿಳಿದವನೂ ಅಂಗಿಯ ಜೇಬಿನಲ್ಲಿ ಕಡ್ಡಿ ಕರಗಿಸಿದರೆ ಮುಂದಿನ ಬೆದೆಯವರೆಗೆ ರೈತನ 21 ದಿನ ಹೋದಂತೆ. ಲಸಿಕೆ 2ರಿಂದ 8 ಡಿಗ್ರಿಯ ನಡುವೆಯೇ ಇರಬೇಕು. ಐಸು ಕರಗಿದ ಡಬ್ಬಿಯ ಲಸಿಕೆ ಹಾಕಿ ಮುಗಿಸಿದರೆ ದಾಖಲೆ ತುಂಬುತ್ತದೆ, ರೋಗ ನಿಲ್ಲುವುದಿಲ್ಲ.

ಗೊಟ್ಟದಲ್ಲಿ ಔಷಧ ಹುಯ್ಯುವುದನ್ನು ಹಳ್ಳಿಯವರೆಲ್ಲ ಬಲ್ಲರು, ಬಹುಮಂದಿ ತಪ್ಪಾಗಿ ಬಲ್ಲರು. ತಲೆಯನ್ನು ತೀರಾ ಮೇಲೆತ್ತಿ, ನಾಲಿಗೆ ಹಿಡಿದೆಳೆದು ಸುರಿದರೆ ಔಷಧ ಶ್ವಾಸಕ್ಕೆ ಹೋಗುತ್ತದೆ, ಕುರಿ ಎರಡು ದಿನದ ಮೇಲೆ ಸಾಯುತ್ತದೆ, ಹೆಸರು ಜಂತಿನ ಔಷಧಕ್ಕೆ ಬರುತ್ತದೆ. ಕುದುರೆಯನ್ನು ಎಡಗಡೆಯಿಂದ, ಮಾತಾಡಿಸುತ್ತ ಸಮೀಪಿಸಬೇಕು. ದನ ಕೆಡವುವ ಹಗ್ಗದ ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ಇವೆಲ್ಲ ಓದಿ ಬರುವುದಲ್ಲ, ಮಾಡಿ ಮಾಡಿ ಬರಬೇಕು.

ಇನ್ನು ತನ್ನ ಜೀವ. ಜೊಲ್ಲು ಸುರಿಸುತ್ತ, ನುಂಗಲಾರದೆ ನಿಂತ ಹಸುವಿನ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈ ಹಾಕುವುದು ಈ ಕಸುಬಿನ ಅತಿ ಅಪಾಯದ ತಪ್ಪು, ಅದು ಹುಚ್ಚುನಾಯಿ ರೋಗವಿರಬಹುದು. ಕಂದು ಹಾಕಿದ ಹಸುವಿನ ಕಸವನ್ನು ಗ್ಲೌಸ್ ಇಲ್ಲದೆ ಮುಟ್ಟಬಾರದು. ಮೂಗು ಬಾಯಲ್ಲಿ ಕಪ್ಪು ರಕ್ತ ಬಂದು ದಿಢೀರನೆ ಸತ್ತ ದನವನ್ನು ಕುಯ್ಯಬಾರದು, ನೆರಡಿಯ ಅನುಮಾನವಿದ್ದರೆ ವೈದ್ಯರು ಬರುವವರೆಗೆ ಯಾರನ್ನೂ ಹತ್ತಿರ ಬಿಡಬಾರದು. ಪ್ರಶ್ನೆಪತ್ರಿಕೆಯಲ್ಲಿ ಇವು ಎರಡಂಕದ ಪ್ರಶ್ನೆಗಳಾದರೂ ನನ್ನ ಕೈಲಿದ್ದರೆ ಇವುಗಳಲ್ಲಿ ತಪ್ಪಿದವರನ್ನು ಉಳಿದೆಲ್ಲ ಬರೆದರೂ ಪಾಸು ಮಾಡುತ್ತಿರಲಿಲ್ಲ.

ಆದ್ದರಿಂದ ಅರ್ಜಿ ಹಾಕಲು ಹೊರಟ ಶಿರಾ ಗೇಟ್‌ನ ಮಕ್ಕಳಿಗೆ ಒಂದು ಮಾತು. ಫಲಿತಾಂಶ ಬಂದು ಸೀಟು ಸಿಗುವ ನಡುವಿನ ದಿನಗಳಲ್ಲಿ ಹತ್ತಿರದ ದನದ ಆಸ್ಪತ್ರೆಗೆ ಹೋಗಿ, ಡಾಕ್ಟರ ಅನುಮತಿ ಕೇಳಿ, ಮೂಗುದಾರ ಹಿಡಿಯುವ ಕೆಲಸಕ್ಕೆ ನಿಲ್ಲಿ. ಅದಕ್ಕೂ ಮುಂಚೆ ಹುಚ್ಚುನಾಯಿ ರೋಗದ ಮುಂಜಾಗ್ರತಾ ಲಸಿಕೆಯನ್ನು ತಪ್ಪದೆ ಹಾಕಿಸಿಕೊಳ್ಳಿ.