ಅಂಗಿಯ ಬಣ್ಣ, ಊರಿನ ಗುರುತು

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹೆಣ್ಣುಮಕ್ಕಳಿಗೆ ಬಟ್ಟೆಯ ಗುರುತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಂಪು ತೆನಿ ಸೆರಗು ಕಂಡರೆ ಇಳಕಲ್ಲ ಸೀರೆ, ಪಟ್ಟೇದ ಅಂಚು ಕಂಡರೆ ಗಜೇಂದ್ರಗಡದ ಮಗ್ಗ. ಉಟ್ಟವರ ಮುಖ ನೋಡುವ ಮೊದಲೇ ಊರು ತಿಳಿಯುತ್ತದೆ. ಫುಟ್‌ಬಾಲ್ ಆಡುವವರ ಅಂಗಿಯೂ ಹೀಗೆಯೇ. ಖೋಖೋ, ಕಬಡ್ಡಿ, ಕುಸ್ತಿಯ ಈ ಸೀಮೆಯಲ್ಲಿ ಆ ಆಟ ಅಷ್ಟು ಬೆಳೆಯಲಿಲ್ಲ, ನಿಜ. ಆದರೆ ಬಣ್ಣವೊಂದು ಜನರ ಜೀವಕ್ಕೆ ಅಂಟಿಕೊಳ್ಳುವ ಬಗೆಯನ್ನು ತಿಳಿಯಬೇಕಾದರೆ ಫುಟ್‌ಬಾಲಿನ ತವರಾದ ಕಲ್ಕತ್ತೆಗೇ ಹೋಗಬೇಕು.

1920ರ ಜುಲೈನಲ್ಲಿ ಅಲ್ಲಿಯ ಜೋಡಾಬಗಾನ್ ತಂಡ ಮೋಹನ್ ಬಗಾನ್ ವಿರುದ್ಧ ಆಡುವಾಗ ಶೈಲೇಶ್ ಬೋಸ್ ಎಂಬ ಆಟಗಾರನನ್ನು ಹೊರಗಿಟ್ಟಿತು. ಪೂರ್ವ ಬಂಗಾಳದವನೆಂಬ ತಾತ್ಸಾರವೇ ಇದಕ್ಕೆ ಕಾರಣವೆಂದು ನೊಂದ ಸುರೇಶಚಂದ್ರ ಚೌಧುರಿ ಆ ತಂಡ ಬಿಟ್ಟು ಹೊರಬಂದರು. ಆಗಸ್ಟ್ 1ರಂದು ಈಸ್ಟ್ ಬೆಂಗಾಲ್ ಕ್ಲಬ್ ಹುಟ್ಟಿತು. ಹೊಸ ತಂಡಕ್ಕೆ ಅಂಗಿ ಬೇಕಲ್ಲ? ಚೌರಂಗಿಯ ದೊಡ್ಡ ಅಂಗಡಿಯೊಂದರಲ್ಲಿ ತೂಗುಹಾಕಿದ್ದ ಕೆಂಪು, ಹೊಂಬಣ್ಣದ ಅಂಗಿ ಮನಸ್ಸಿಗೆ ಹಿಡಿಸಿತಂತೆ. ನಾವು ಪೇಟೆಗೆ ಹೋಗಿ ಸೀರೆ ಆರಿಸಿದ ಹಾಗೆ! ನಮ್ಮ ಕಣ್ಣಿಗೆ ಅದು ಅರಿಶಿನ ಕುಂಕುಮದ ಜೋಡಿ. 1930ರಲ್ಲಿ ಮೇಲಿನ ದರ್ಜೆಗೆ ಏರುವ ಅವಕಾಶ ತಪ್ಪಿದಾಗ ಬೆಂಬಲಿಗರು ಪಂಜು ಹಿಡಿದು ಪ್ರತಿಭಟಿಸಿದರು. ಆ ಪಂಜೇ ಕ್ಲಬ್ಬಿನ ಲಾಂಛನವಾಯಿತು.

1947ರಲ್ಲಿ ದೇಶ ಒಡೆಯಿತು. ಮನೆ, ಹೊಲ, ತುಳಸಿಕಟ್ಟೆಗಳನ್ನು ಬಿಟ್ಟು ಕಲ್ಕತ್ತೆಗೆ ಬಂದ ಲಕ್ಷಾಂತರ ಜನರಿಗೆ ತವರಿನ ಹೆಸರು ಉಳಿದದ್ದು ಈ ಅಂಗಿಯ ಮೇಲೆ. ಅದೇ ಹೊತ್ತಿನಲ್ಲಿ 'ಪಂಚ ಪಾಂಡವರು' ಎನಿಸಿಕೊಂಡ ಐವರು ಮುಂಚೂಣಿ ಆಟಗಾರರು ಆ ತಂಡವನ್ನು ಮೇಲೆತ್ತಿದರು: ಅಪ್ಪಾರಾವ್, ಧನರಾಜ್, ಸಾಲೆ, ವೆಂಕಟೇಶ್, ಅಹ್ಮದ್ ಖಾನ್. ಇವರಲ್ಲಿ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1949, 1950, 1951ರಲ್ಲಿ ಸತತವಾಗಿ ಐ.ಎಫ್.ಎ. ಶೀಲ್ಡ್ ಗೆದ್ದ ತಂಡವದು. ಊರು ಕಳೆದುಕೊಂಡವರ ಕಣ್ಣೀರು ಒರೆಸಿದವರಲ್ಲಿ ಕನ್ನಡ ನಾಡಿನ ಹುಡುಗನೂ ಇದ್ದನೆಂಬುದು ನಮಗೆ ಹೆಮ್ಮೆಯಲ್ಲವೇ?

ಎದುರಾಳಿ ಮೋಹನ್ ಬಗಾನಿನ ಬಣ್ಣ ಹಸಿರು ಮತ್ತು ಕಡುಗೆಂಪು. 1889ರಲ್ಲಿ ಹುಟ್ಟಿದ ಆ ಕ್ಲಬ್ 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿತು. ಬೂಟು ತೊಟ್ಟ ಗೋರಾ ಸಿಪಾಯಿಗಳ ಎದುರು ನಮ್ಮವರಲ್ಲಿ ಒಬ್ಬನನ್ನು ಬಿಟ್ಟರೆ ಎಲ್ಲರೂ ಬರಿಗಾಲಿನವರು. ಅದರ ಲಾಂಛನ ಮೊದಲು ಮರದಡಿ ಕುಳಿತ ಹುಲಿ, ಆಮೇಲೆ ಬಂದದ್ದು ಹಾಯಿದೋಣಿ. 2020ರಲ್ಲಿ ಎ.ಟಿ.ಕೆ. ಎಂಬ ಹಣವಂತರ ತಂಡದೊಡನೆ ಅದು ಕೂಡಿಕೊಂಡಾಗ, ಬಣ್ಣವೂ ದೋಣಿಯೂ ಹೋದವೆಂದು ಅಭಿಮಾನಿಗಳು ಕಳವಳಪಟ್ಟರು. ಎರಡೂ ಉಳಿದವು, ಹೆಸರಿನ ಮುಂದೆ ಮಾತ್ರ ಎ.ಟಿ.ಕೆ. ಸೇರಿತು. ಜನ ಅದಕ್ಕೂ ಒಪ್ಪಲಿಲ್ಲ. 2023ರ ಮಾರ್ಚ್ 18ರಂದು ಬೆಂಗಳೂರು ತಂಡವನ್ನೇ ಸೋಲಿಸಿ ಪ್ರಶಸ್ತಿ ಗೆದ್ದ ರಾತ್ರಿ, ಆ ಮೂರಕ್ಷರ ತೆಗೆಯುವುದಾಗಿ ಮಾಲೀಕರು ಸಾರಿದರು. ದುಡ್ಡು ಕೊಟ್ಟು ತಂಡ ಕೊಳ್ಳಬಹುದು; ಅದರ ನೆನಪು ಕೊಳ್ಳಲು ಬರುವುದಿಲ್ಲ.

ಇದು ದೂರದ ಮಾತೆನ್ನಬೇಡಿ. 1980ರ ಜುಲೈ 21ರಂದು ನರಗುಂದದಲ್ಲಿ ರೈತರ ಮೇಲೆ ಗೋಲಿಬಾರಾಯಿತು. ಆ ಹೋರಾಟದ ಬೆನ್ನಿಗೇ ರೈತ ಸಂಘ ಬೆಳೆದು, ಹಸಿರು ಶಾಲು ನಾಡಿನ ರೈತರ ಹೆಗಲೇರಿತು. ಅಂಗಡಿಯಲ್ಲಿ ಅದು ಬರೀ ಬಟ್ಟೆ. ಹೆಗಲ ಮೇಲೆ ಬಂದಾಗ ಅದರ ತೂಕವೇ ಬೇರೆ.

ಮನೆಯಲ್ಲಿ ಮಕ್ಕಳು ಟಿ.ವಿ.ಯಲ್ಲಿ ಪಂದ್ಯ ನೋಡುತ್ತ 'ನಮ್ಮವರು ನೀಲಿ, ಅವರು ಕೆಂಪು' ಎಂದು ಕೂಗುವಾಗ ಗದರಬೇಡಿ. ಆ ಬಣ್ಣ ಎಲ್ಲಿಂದ ಬಂತು, ಯಾರು ತೊಟ್ಟರು ಎಂದು ಕೇಳಿರಿ. ಅವರಿಗೆ ಗೊತ್ತಿರದಿದ್ದರೆ ಚಹಾ ಕುಡಿಯುತ್ತ ಈ ಕಥೆ ಹೇಳಿರಿ.